ಆಳುವ ಹಕ್ಕಿಗೆ ಮೂಲವಾವುದು? — ಸಮೋವಾ ಜನರ ಇತಿಹಾಸದಿಂದ ಒಂದು ವಿಚಾರ

ಒಬ್ಬ ಮನುಷ್ಯನು ಮತ್ತೊಬ್ಬನಿಗೆ ‘ಹೀಗೆ ಮಾಡು’ ಎಂದು ಆಜ್ಞಾಪಿಸುವ ಹಕ್ಕು ಎಲ್ಲಿಂದ ಬಂದಿತು? ಈ ಪ್ರಶ್ನೆ ಎಷ್ಟು ಹಳೆಯದೋ ಇದಕ್ಕೆ ಕೊಟ್ಟ ಉತ್ತರಗಳೂ ಅಷ್ಟೇ ಹಳೆಯವು. ಹುಟ್ಟಿನಿಂದ ಬಂದಿತೆಂದು ಕೆಲವರು ಹೇಳುವರು. ತೋಳ್ಬಲದಿಂದ ಬಂದಿತೆಂದು ಕೆಲವರು. ತಲೆಗಳ ಎಣಿಕೆಯಿಂದ ಬರತಕ್ಕದ್ದೆಂದು ಈಚಿನವರು. ಈ ಮೂರಲ್ಲದ ನಾಲ್ಕನೆಯ ಉತ್ತರವೊಂದನ್ನು ಪೆಸಿಫಿಕ್ ಮಹಾಸಾಗರದ ನಡುವಣ ಒಂದು ಚಿಕ್ಕ ಜನಾಂಗವು ಕೊಟ್ಟಿದೆ. ಅಧಿಕಾರಕ್ಕೆ ಹೋಗುವ ದಾರಿಯೇ ಸೇವೆ ಎಂಬುದು ಸಮೋವಾ ಜನರಲ್ಲಿ ಮನೆಮಾತಾಗಿರುವ ನಾಣ್ಣುಡಿ. ನಾಣ್ಣುಡಿಯನ್ನು ಆಡುವುದು ಸುಲಭ. ಅದರ ಮೇಲೆ ಒಂದು ನಾಡನ್ನು ನಿಲ್ಲಿಸುವುದು ಸುಲಭವಲ್ಲ. ಹುಟ್ಟು, ಬಲ, ಎಣಿಕೆ ಎಂಬ ಮೂರೂ ಒಂದರ ಹಿಂದೊಂದು ಬಂದು ಆ ನಾಣ್ಣುಡಿಯನ್ನು ಒರೆಗೆ ಹಚ್ಚಿದುವು. ಆ ಪರೀಕ್ಷೆಯ ಕಥೆಯನ್ನು ವಿಚಾರಿಸುವುದು ಯಾವ ದೇಶದ ವಾಚಕರಿಗಾದರೂ ನಿಷ್ಫಲವಾಗದು.

ಸವಾಯಿ, ಉಪೋಲು ಎಂಬ ಎರಡು ದೊಡ್ಡ ದ್ವೀಪಗಳೂ, ಅವುಗಳ ಮೂಡಲಿಗೆ ತುತುವಿಲಾ, ಮನೂವಾ ಮೊದಲಾದ ಸಣ್ಣ ದ್ವೀಪಗಳೂ ಸೇರಿ ಸಮೋವಾ ಎನಿಸುವುವು. ಅಲ್ಲಿಯ ಸಮಾಜಕ್ಕೆ ಬುಡ ವ್ಯಕ್ತಿಯಲ್ಲ, ‘ಅಯಿಂಗಾ’ ಎಂಬ ವಿಸ್ತಾರವಾದ ಕುಟುಂಬ. ಪ್ರತಿಯೊಂದು ಕುಟುಂಬಕ್ಕೂ ಪೂರ್ವಿಕರಿಂದ ಬಂದ ಬಿರುದುಗಳುಂಟು. ಬಿರುದನ್ನು ಧರಿಸಿದವನು ‘ಮತಾಯಿ’, ಎಂದರೆ ಯಜಮಾನ. ಈ ಬಿರುದು ತಂದೆಯಿಂದ ಹಿರಿಯ ಮಗನಿಗೆ ತಾನಾಗಿ ಇಳಿದುಬರತಕ್ಕ ಆಸ್ತಿಯಲ್ಲ. ಮತಾಯಿಯು ಕಾಲವಾದ ಮೇಲೆ ಕುಟುಂಬದ ಶಾಖೆಗಳೆಲ್ಲವೂ, ಹೆಣ್ಣುಮಕ್ಕಳ ಸಂತತಿಯೂ ಒಳಗೊಂಡಂತೆ, ಒಂದೆಡೆ ಕಲೆತು ಮಾತಾಡಿ ಅರ್ಹನಾದವನನ್ನು ಆರಿಸುವುವು. ರಕ್ತಸಂಬಂಧ ಬೇಕು, ನಿಜ. ಆದರೆ ಅದೊಂದೇ ಸಾಲದು. ಹಿಂದಿನ ಯಜಮಾನನಿಗೆ ಅಡಿಗೆ ಮಾಡಿ ಬಡಿಸಿದವನಾರು, ತೋಟದಲ್ಲಿ ದುಡಿದವನಾರು, ಕುಟುಂಬದ ಕಷ್ಟಕಾಲದಲ್ಲಿ ಹೆಗಲು ಕೊಟ್ಟವನಾರು ಎಂಬುದನ್ನು ನೋಡುವರು. ಮತಾಯಿಯಾದವನು ಕುಟುಂಬದ ಭೂಮಿಯನ್ನು ಎಲ್ಲರ ಪರವಾಗಿ ನೋಡಿಕೊಳ್ಳತಕ್ಕವನೇ ಹೊರತು ಅದರ ಒಡೆಯನಲ್ಲ. ಕರ್ತವ್ಯಗೇಡಿಯಾದರೆ ಕೊಟ್ಟ ಕುಟುಂಬವೇ ಬಿರುದನ್ನು ಹಿಂದಕ್ಕೆ ಪಡೆಯಬಹುದು.

ಮತಾಯಿಗಳಲ್ಲಿ ಎರಡು ವರ್ಗ. ‘ಅಲಿಯಿ’ ಎಂಬವರು ಗೌರವಕ್ಕೆ ಅಧಿಪತಿಗಳು. ‘ತುಲಾಫಾಲೆ’ ಎಂಬವರು ವಾಗ್ಮಿಗಳು. ಕೈಯಲ್ಲಿ ಕೋಲು, ಹೆಗಲ ಮೇಲೆ ನಾರಿನ ಚಾಮರ ಇವು ವಾಗ್ಮಿಯ ಲಾಂಛನಗಳು. ವಂಶಾವಳಿಯನ್ನೂ ಸಂಪ್ರದಾಯವನ್ನೂ ನಾಲಗೆಯ ಮೇಲೆ ಇಟ್ಟುಕೊಂಡವರು ಅವರೇ ಆದುದರಿಂದ ಅಲಿಯಿಯ ಹಿರಿಮೆ ತುಲಾಫಾಲೆಯ ಮಾತಿನ ಆಸರೆಯಿಲ್ಲದೆ ನಿಲ್ಲಲಾರದು. ಊರಿನ ಮತಾಯಿಗಳೆಲ್ಲರೂ ಕೂಡುವ ಸಭೆಗೆ ‘ಫೋನೊ’ ಎಂದು ಹೆಸರು. ಗೋಡೆಯಿಲ್ಲದ ಸಭಾಗೃಹದಲ್ಲಿ ಯಾವ ಕಂಬಕ್ಕೆ ಯಾರು ಒರಗಿ ಕೂರಬೇಕೆಂಬುದು ಸಹ ನಿಯತವಾಗಿದೆ. ಅಲ್ಲಿ ಕೈಯೆತ್ತಿಸಿ ಎಣಿಸುವ ಪದ್ಧತಿಯಿಲ್ಲ; ಎಲ್ಲರ ಮನಸ್ಸೂ ಒಂದು ಕಡೆಗೆ ಬರುವವರೆಗೆ ಮಾತು ನಡೆಯುವುದು. ಬಿರುದಿಲ್ಲದ ತರುಣರ ಗುಂಪು ಸಭೆಯ ನಿರ್ಣಯವನ್ನು ನಡೆಯಿಸುವುದು. ಆ ಗುಂಪನ್ನು ಊರಿನ ಬಲವೆಂದು ಕರೆಯುವರು.

ಇಡೀ ನಾಡಿಗೆ ಒಬ್ಬನೇ ಅರಸನೆಂಬ ಕಲ್ಪನೆ ಈ ವ್ಯವಸ್ಥೆಗೆ ಸಹಜವಾದುದಲ್ಲ. ನಾಲ್ಕು ಮಹಾಬಿರುದುಗಳು ಒಬ್ಬರಲ್ಲೇ ಕೂಡಿದಾಗ ಆ ವ್ಯಕ್ತಿಗೆ ‘ತಫಾಯಿಫಾ’ ಎಂಬ ಪರಮಪದವಿ ದೊರೆಯುತ್ತಿತ್ತು. ಅವನ್ನು ಮೊದಲು ಹೀಗೆ ಒಟ್ಟಿಗೆ ಧರಿಸಿದವಳು ಸಾಲಮಾಸಿನಾ ಎಂಬ ಮಹಿಳೆಯೆಂದು ಪರಂಪರೆ ಹೇಳುತ್ತದೆ. ಆದರೆ ಆ ಪದವಿಯೂ ಸಿಂಹಾಸನದಂತೆ ನಿತ್ಯವಲ್ಲ. ಬಿರುದು ಕೊಡುವ ವಾಗ್ಮಿಸಂಘಗಳು ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ. ಇದರಿಂದ ಜಗಳಗಳೇ ಇರಲಿಲ್ಲವೆಂದು ಭಾವಿಸಬಾರದು. ಬಿರುದಿಗಾಗಿ ಯುದ್ಧಗಳು ನಡೆದುವು, ರಕ್ತ ಹರಿಯಿತು. ಸೇವೆಯ ನಾಣ್ಣುಡಿ ಇದ್ದಲ್ಲಿಯೂ ಆಶೆ ಇದ್ದೇ ಇರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಪರದೇಶೀಯರಿಗೆ ಈ ಕಟ್ಟಡ ಅರ್ಥವಾಗಲಿಲ್ಲ. ಕರಾರಿಗೆ ರುಜು ಹಾಕಲು ಅವರಿಗೆ ಒಬ್ಬ ಅರಸನು ಬೇಕಾಗಿತ್ತು. ಇಲ್ಲದ ಅರಸನನ್ನು ಅವರು ನಿರ್ಮಿಸಹೊರಟರು. ಜರ್ಮನರು ೧೮೮೭ರಲ್ಲಿ ಮಾಲಿಯೆತೋವಾ ಲೌಪೆಪಾ ಎಂಬಾತನನ್ನು ಗಡೀಪಾರು ಮಾಡಿ ತಮಗೆ ಬೇಕಾದ ತಾಮಸೇಸೆಯನ್ನು ಪಟ್ಟಕ್ಕೇರಿಸಿದರು. ಮತಾಫಾ ಯೊಸೇಫಾ ಎಂಬ ಮತ್ತೊಬ್ಬ ನಾಯಕನು ಇದಕ್ಕೆ ಇದಿರಾಗಿ ನಿಂತನು. ೧೮೮೯ರ ಮಾರ್ಚಿಯಲ್ಲಿ ಆಪಿಯಾ ಬಂದರದಲ್ಲಿ ಜರ್ಮನ್ ಮತ್ತು ಅಮೆರಿಕನ್ ಯುದ್ಧನೌಕೆಗಳು ಒಂದನ್ನೊಂದು ದುರುಗುಟ್ಟಿಕೊಂಡು ನಿಂತಿದ್ದಾಗ ಚಂಡಮಾರುತವೆದ್ದು ಎರಡು ಪಕ್ಷದ ಹಡಗುಗಳನ್ನೂ ದಡಕ್ಕಪ್ಪಳಿಸಿತು. ಆ ವರ್ಷವೇ ಬರ್ಲಿನ್ನಿನ ಒಪ್ಪಂದವು ಗಡೀಪಾರಾಗಿದ್ದ ಲೌಪೆಪಾನನ್ನೇ ಮರಳಿ ಅರಸನೆಂದು ಮಾನ್ಯಮಾಡಿತು. ಕಡೆಗೆ ೧೮೯೯ರಲ್ಲಿ ಪಡುವಣ ದ್ವೀಪಗಳು ಜರ್ಮನಿಗೆ, ಮೂಡಣವು ಅಮೆರಿಕಕ್ಕೆ ಎಂದು ಹಂಚಿಕೆಯಾಯಿತು. ಇಂಗ್ಲೆಂಡು ಬೇರೆಡೆಗಳಲ್ಲಿ ಪ್ರತಿಫಲ ಪಡೆದು ಹಿಂದೆ ಸರಿಯಿತು. ಎಲ್ಲರೂ ಮಾತಾಡಿ ಒಪ್ಪುವವರೆಗೆ ಏಳದ ಸಭೆಗಳುಳ್ಳ ಜನರ ನಾಡನ್ನು ಅವರನ್ನೊಂದು ಮಾತೂ ಕೇಳದೆ ಪಾಲುಮಾಡಿದುದು ವಿಧಿಯ ಅಣಕವಲ್ಲದೆ ಮತ್ತೇನು?

೧೯೦೯ರಲ್ಲಿ ಲೌವಾಕಿ ಎಂಬ ಮಹಾವಾಗ್ಮಿಯು ಹಳೆಯ ಪದ್ಧತಿಯ ಪರವಾಗಿ ದನಿಯೆತ್ತಿದುದಕ್ಕಾಗಿ ಜರ್ಮನ್ ಸರ್ಕಾರವು ಅವನನ್ನು ದೂರದ ಸೈಪಾನ್ ದ್ವೀಪಕ್ಕೆ ಅಟ್ಟಿತು. ಅವನು ತಾಯ್ನಾಡನ್ನು ಮತ್ತೆ ಕಾಣದೆ ತೀರಿಕೊಂಡನು. ೧೯೧೪ರಲ್ಲಿ ನ್ಯೂಜಿಲೆಂಡಿನ ಸೇನೆ ಪಡುವಣ ಸಮೋವಾವನ್ನು ವಶಪಡಿಸಿಕೊಂಡಿತು. ೧೯೧೮ರ ನವೆಂಬರಿನಲ್ಲಿ ‘ತಲೂನೆ’ ಎಂಬ ಹಡಗು ಇನ್‌ಫ್ಲುಯೆಂಜಾ ರೋಗಿಗಳೊಡನೆ ಆಪಿಯಾಕ್ಕೆ ಬಂದಿತು. ಅದನ್ನು ತಡೆದು ದೂರವಿಡಬೇಕಾಗಿದ್ದ ಅಧಿಕಾರಿಗಳು ತಡೆಯಲಿಲ್ಲ. ಸುಮಾರು ೮,೫೦೦ ಜನ, ಎಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು, ಮೃತ್ಯುಮುಖಕ್ಕೆ ಹೋದರು. ಕುಟುಂಬಗಳ ಜ್ಞಾಪಕಕೋಶದಂತಿದ್ದ ವೃದ್ಧ ಮತಾಯಿಗಳು ಅನೇಕರು ಅಳಿದರು. ಕೂಗಳತೆಯ ಅಮೆರಿಕನ್ ಸಮೋವಾದಲ್ಲಿಯಾದರೋ ಅಧಿಪತಿ ಪೋಯರ್ ಎಂಬಾತನು ಬಂದರನ್ನು ಬಿಗಿಮಾಡಿದುದರಿಂದ ಆ ರೋಗಕ್ಕೆ ಒಬ್ಬರೂ ಬಲಿಯಾಗಲಿಲ್ಲ. ಆಳುವವನ ಎಚ್ಚರ, ಅಲಕ್ಷ್ಯ ಇವೆರಡರ ನಡುವಣ ಅಂತರ ಇಷ್ಟು ಸ್ಪಷ್ಟವಾಗಿ ಅಳೆಯಲ್ಪಟ್ಟಿರುವುದು ಚರಿತ್ರೆಯಲ್ಲಿ ವಿರಳ.

ಅಲಕ್ಷ್ಯದ ಬೆನ್ನಿಗೆ ಅಹಂಕಾರ ಬಂದಿತು. ೧೯೨೩ರಿಂದ ಆಡಳಿತಾಧಿಕಾರಿಯಾಗಿದ್ದ ರಿಚರ್ಡ್ಸನ್ ಎಂಬಾತನು ತನಗೊಪ್ಪದ ಮತಾಯಿಗಳನ್ನು ಊರುಬಿಡಿಸಿದನು. ಅವರ ಬಿರುದುಗಳನ್ನೇ ಕಿತ್ತುಕೊಂಡನು. ಕುಟುಂಬವು ಕೊಟ್ಟುದನ್ನು ಸರ್ಕಾರವು ಕಸಿಯಬಲ್ಲುದೇ? ತಾನು ಕೊಡದುದನ್ನು ತಾನು ತೆಗೆಯಲಾರದೆಂಬುದು ಸಾಮಾನ್ಯ ನ್ಯಾಯ. ಈ ಅನ್ಯಾಯದಿಂದ ‘ಮೌ’ ಎಂಬ ಚಳುವಳಿ ಬಲಿಯಿತು. ಸಮೋವಾ ಸಮೋವಾದವರಿಗೇ ಎಂಬುದು ಅದರ ಘೋಷ. ಬಿಳಿಯ ಪಟ್ಟೆಯ ನೀಲಿ ಉಡುಗೆಯುಟ್ಟು, ತೆರಿಗೆ ಕೊಡದೆ, ಸರ್ಕಾರದ ಆಜ್ಞೆಗೆ ಕಿವಿಗೊಡದೆ, ಆಯುಧವನ್ನೂ ಹಿಡಿಯದೆ ಜನ ನಿಂತರು. ಓಲಾಫ್ ನೆಲ್ಸನ್ ಎಂಬ ಮುಂದಾಳು ೧೯೨೮ರಲ್ಲಿ ಗಡೀಪಾರಾದನು. ೧೯೨೯ರ ಡಿಸೆಂಬರ್ ೨೮ರಂದು ಆಪಿಯಾದಲ್ಲಿ ನಡೆದ ಮೆರವಣಿಗೆಯ ಮೇಲೆ ಪೋಲೀಸರು ಗುಂಡು ಹಾರಿಸಿದರು. ಒಬ್ಬ ಪೋಲೀಸಿನವನೂ ಅಂದು ಸತ್ತನು. ಶಾಂತರಾಗಿರಿ ಎಂದು ಜನರಿಗೆ ಕೈಬೀಸಿ ಹೇಳುತ್ತಿದ್ದ ಮಹಾನಾಯಕ ತುಪುವಾ ತಾಮಸೇಸೆ ಲೆಯಾಲೊಫಿ ಗುಂಡು ತಾಗಿ ಬಿದ್ದನು. ಪ್ರಾಣ ಬಿಡುವಾಗಲೂ ತನ್ನ ರಕ್ತಕ್ಕಾಗಿ ಸೇಡು ತೀರಿಸಬೇಡಿರೆಂದೇ ಹೇಳಿದನು. ಗಂಡಸರು ಕಾಡು ಸೇರಿದಾಗ ಹೆಂಗಸರು ಚಳುವಳಿಯನ್ನು ನಡೆಯಿಸಿದರು. ಆಜ್ಞೆ ಕೊಡುವ ಬಲವೆಲ್ಲವೂ ಒಂದು ಕಡೆಗಿದ್ದು, ಆಜ್ಞೆಯನ್ನು ಜನ ಪಾಲಿಸುವ ಪ್ರೀತಿ ಇನ್ನೊಂದು ಕಡೆಗಿದ್ದರೆ ಆಳುವವನು ಯಾರೆಂದು ಹೇಳಬೇಕು?

ಇಲ್ಲಿಯವರೆಗಿನ ಕಥೆ ಮತಾಯಿಪದ್ಧತಿಯ ಗೆಲವಿನಂತೆ ತೋರುವುದು. ಆದರೆ ಪರರ ಅನ್ಯಾಯದಿಂದ ನಮ್ಮ ನ್ಯಾಯ ಸಿದ್ಧವಾಗುವುದಿಲ್ಲ. ೧೯೬೧ರಲ್ಲಿ ಪ್ರಾಪ್ತವಯಸ್ಕರೆಲ್ಲರೂ ವೋಟು ಕೊಟ್ಟು ಸ್ವಾತಂತ್ರ್ಯವನ್ನು ಒಪ್ಪಿದರು. ೧೯೬೨ರ ಜನವರಿ ೧ರಂದು ಪಡುವಣ ಸಮೋವಾ ಸ್ವತಂತ್ರವಾಯಿತು. ವಿಚಿತ್ರವೇನೆಂದರೆ, ಸ್ವಾತಂತ್ರ್ಯಕ್ಕಾಗಿ ಒಂದು ಬಾರಿ ವೋಟು ಕೊಟ್ಟ ಆ ಜನರಲ್ಲಿ ಬಹುಭಾಗಕ್ಕೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ವೋಟು ಇರಲಿಲ್ಲ; ಆ ಹಕ್ಕು ಮುಖ್ಯವಾಗಿ ಮತಾಯಿಗಳದು.

ಪೂರ್ವಪಕ್ಷವಿದು: ಮತಾಯಿಯನ್ನು ಕುಟುಂಬವೇ ಆರಿಸಿದೆ, ಅವನ ಮಾತು ಕುಟುಂಬದ ಮಾತು, ಪ್ರತ್ಯೇಕವಾಗಿ ಪ್ರತಿಯೊಬ್ಬನನ್ನೂ ಕೇಳಿದರೆ ಮನೆ ಮನೆಯೂ ಪಕ್ಷಗಳಾಗಿ ಒಡೆಯುವುದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅನುಭವವು ಬೇರೊಂದನ್ನು ತೋರಿಸಿತು. ವೋಟು ಬಿರುದಿಗೆ ಕಟ್ಟುಬಿದ್ದ ಕೂಡಲೆ, ವೋಟಿಗಾಗಿ ಬಿರುದುಗಳು ಹುಟ್ಟತೊಡಗಿದುವು. ಒಂದೇ ಬಿರುದನ್ನು ಹಲವರಿಗೆ ಹಂಚಿ ಚುನಾವಣೆಯ ಮತಾಯಿಗಳನ್ನು ಮಾಡಿದರು; ಜನರೇ ಅವರಿಗೆ ವೋಟಿನ ಮತಾಯಿಗಳೆಂದು ಹೆಸರಿಟ್ಟರು. ಹೀಗೆ ಸೇವೆಯಿಂದ ಬರಬೇಕಾದ ಬಿರುದು ಎಣಿಕೆಯ ದಾಸಿಯಾಯಿತು. ಯಾವ ಎಣಿಕೆಯನ್ನು ಹೊರಗಿಡಬೇಕೆಂದು ಬಾಗಿಲು ಹಾಕಿದರೋ ಅದೇ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು. ೧೯೯೦ರ ಜನಮತದಲ್ಲಿ ಅಲ್ಪಬಹುಮತದಿಂದ ಇಪ್ಪತ್ತೊಂದು ವಯಸ್ಸಾದವರೆಲ್ಲರಿಗೂ ವೋಟು ದೊರೆಯಿತು. ಪಾರ್ಲಿಮೆಂಟಿಗೆ ನಿಲ್ಲುವ ಹಕ್ಕು ಮಾತ್ರ ಮತಾಯಿಗಳಲ್ಲಿಯೇ ಉಳಿಯಿತು. ಆರಿಸುವವರು ಎಲ್ಲರೂ, ಆರಿಸಲ್ಪಡುವವನು ಸೇವೆಯಿಂದ ಗುರುತಿಸಲ್ಪಟ್ಟವನು ಎಂಬ ಈ ಸಂಧಿಯನ್ನು ಕೆಲವರು ಅರೆಬರೆಯೆಂದು ಹಳಿಯುವರು. ಆದರೂ ಇದರಲ್ಲಿ ಒಂದು ವಿವೇಕವಿದೆ.

ಇನ್ನೂ ಗಂಭೀರವಾದ ಆಕ್ಷೇಪವೊಂದುಂಟು. ಎಲ್ಲರೂ ಒಪ್ಪುವವರೆಗೆ ಮಾತಾಡುವುದೆಂದರೆ, ಒಪ್ಪದವನ ಗತಿಯೇನು? ಫೋನೊ ವಿಧಿಸುವ ಶಿಕ್ಷೆಗಳಲ್ಲಿ ಅತ್ಯುಗ್ರವಾದುದು ಬಹಿಷ್ಕಾರ. ಮನೆಮಾರು, ತೋಟ, ಪಿತೃಗಳ ಸಮಾಧಿ ಎಲ್ಲವನ್ನೂ ಬಿಟ್ಟು ಕುಟುಂಬವೇ ಊರಿನಿಂದ ಹೊರಡಬೇಕು. ಊರಿನ ಚರ್ಚನ್ನು ಬಿಟ್ಟು ಬೇರೆ ಪಂಥದಲ್ಲಿ ಪ್ರಾರ್ಥಿಸಿದವರೂ ಈ ಶಿಕ್ಷೆಗೆ ಗುರಿಯಾಗಿ, ರಾಜ್ಯಾಂಗವು ಕೊಟ್ಟ ಧರ್ಮಸ್ವಾತಂತ್ರ್ಯವನ್ನು ನ್ಯಾಯಾಲಯದಲ್ಲಿ ಕೇಳಬೇಕಾಯಿತು. ಹೆಂಗಸರಿಗೆ ಬಿರುದು ಕೊಡದ ಊರುಗಳೂ ಉಂಟು. ಸಾಲಮಾಸಿನೆಯನ್ನು ಹಾಡಿ ಹೊಗಳುವ ನಾಡಿನಲ್ಲಿ ಇದು ಹೇಗೆ ಸಲ್ಲುವುದು? ೨೦೨೧ರಲ್ಲಿ ಫಿಯಾಮೆ ಎಂಬ ಬಿರುದನ್ನು ಧರಿಸಿದ ನವೋಮಿ ಮತಾಫಾ ಎಂಬಾಕೆ ಪ್ರಧಾನಿಯಾದುದು ಆ ಪ್ರಶ್ನೆಗೆ ದೊರೆತ ಒಂದು ಉತ್ತರ, ಆದರೆ ಪೂರ್ಣವಾದ ಉತ್ತರವಲ್ಲ. ರಿಚರ್ಡ್ಸನ್ ಒಬ್ಬ ಮತಾಯಿಯನ್ನು ಊರುಬಿಡಿಸಿದುದು ಅನ್ಯಾಯವಾದರೆ, ಮತಾಯಿಗಳು ಒಬ್ಬ ಬಡವನನ್ನು ಊರುಬಿಡಿಸುವುದು ಕೇವಲ ಸಂಪ್ರದಾಯದ ಬಲದಿಂದ ನ್ಯಾಯವಾಗದು. ಕೈ ಸ್ವಕೀಯರದಾದ ಮಾತ್ರಕ್ಕೆ ಏಟಿನ ನೋವು ಕಡಮೆಯಾಗುವುದಿಲ್ಲ.

ಹಾಗಾದರೆ ಸಿದ್ಧಾಂತವೇನು? ಸೇವೆಯು ಒಬ್ಬನನ್ನು ಆಳಲು ಯೋಗ್ಯನನ್ನಾಗಿ ಮಾಡಬಲ್ಲುದು. ಆದರೆ ಪ್ರಶ್ನೆಗೆ ಅತೀತನನ್ನಾಗಿ ಮಾಡಲಾರದು. ನಿನ್ನೆ ಸೇವೆ ಮಾಡಿದವನು ಇಂದು ಸೇವೆಯನ್ನು ಮರೆತನೋ ಎಂಬುದನ್ನು ನೋಡಲು ಒಂದು ಕಣ್ಣು ಬೇಕು. ವೋಟು ಆ ಕಣ್ಣು. ಎಣಿಕೆಯು ಯೋಗ್ಯತೆಯನ್ನು ಸೃಷ್ಟಿಸಲಾರದು, ಅಯೋಗ್ಯನನ್ನು ಇಳಿಸಬಲ್ಲುದು. ಸೇವೆಯಿಲ್ಲದ ಎಣಿಕೆ ಸಂತೆಯ ಗದ್ದಲ. ಎಣಿಕೆಯಿಲ್ಲದ ಸೇವೆ ಕ್ರಮೇಣ ಪ್ರಭುತ್ವದ ಗರ್ವ. ಎರಡೂ ಒಂದನ್ನೊಂದು ಕಾಯುತ್ತಿರಬೇಕು.

ಸಮೋವಾದಲ್ಲಿ ‘ಇಫೋಂಗಾ’ ಎಂಬ ಒಂದು ವಿಧಿ ಇದೆ. ಕುಟುಂಬದವನೊಬ್ಬನು ಕೊಲೆಯಂಥ ಘೋರಾಪರಾಧ ಮಾಡಿದರೆ, ಅವನ ಮತಾಯಿಯು ತನ್ನವರೊಡನೆ ಬೆಳಗಿನ ಜಾವಕ್ಕೆ ನೊಂದವರ ಮನೆಯ ಮುಂದೆ ಹೋಗಿ ಕುಳಿತು, ನವುರಾದ ಚಾಪೆಯನ್ನು ತಲೆಯ ಮೇಲೆ ಹೊದ್ದು ಬಾಗಿರುವನು. ನೊಂದವರು ಹೊರಗೆ ಬಂದು ಚಾಪೆಯನ್ನು ಎತ್ತುವವರೆಗೂ, ಅಥವಾ ಕೋಪದಿಂದ ಮೇಲೆ ಬೀಳುವವರೆಗೂ, ಅವನು ಹಾಗೆಯೇ ಇರಬೇಕು. ಪಾಪ ಮಾಡಿದವನು ಅವನಲ್ಲ. ತಲೆ ತಗ್ಗಿಸುವವನು ಮಾತ್ರ ಅವನೇ. ೨೦೦೨ರ ಜೂನಿನಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾಕ್ಕೆ ಬಂದು ೧೯೧೮ರ ಮೃತ್ಯುವಿಗಾಗಿಯೂ ೧೯೨೯ರ ಗುಂಡುಗಳಿಗಾಗಿಯೂ ಕ್ಷಮೆ ಬೇಡಿದಳು. ಆಕೆ ಆ ಅಪರಾಧಗಳ ಕಾಲದಲ್ಲಿ ಹುಟ್ಟಿಯೇ ಇರಲಿಲ್ಲ. ಆದರೂ ಆಳುವ ಪೀಠದ ಮೇಲೆ ಕುಳಿತವರು ಅದರ ಹಳೆಯ ಸಾಲವನ್ನೂ ತೀರಿಸಬೇಕಾಗುವುದು. ಆಳುವ ಹಕ್ಕಿಗೆ ಮೂಲವಾವುದೆಂದು ಕೇಳುವವರು ಮೊದಲು ಇದನ್ನು ಕೇಳಲಿ: ಮನೆಯ ತಪ್ಪಿಗೆ ಚಾಪೆಯನ್ನು ಹೊದೆಯಬೇಕಾದ ಬೆಳಗು ಬಂದಾಗ, ಮೊದಲು ಎದ್ದು ಹೋಗಿ ಅಂಗಳದಲ್ಲಿ ಕೂರುವವನು ಯಾರು?