ಎರಡು ಪತ್ರಿಕೆ, ಒಂದು ತಕ್ಕಡಿ



ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮಗೆ ಒಂದೇ ಸುದ್ದಿಯನ್ನು ಎರಡು ಭಾಷೆಗಳಲ್ಲಿ ಓದುವುದು ಹೊಸದೇನಲ್ಲ. ಚಹಾದಂಗಡಿಯಲ್ಲಿ ಮರಾಠಿ ಪತ್ರಿಕೆ, ಮನೆಗೆ ಬಂದರೆ ಕನ್ನಡ ಪತ್ರಿಕೆ. ಈಗ ಈ ಹೋಲಿಕೆಯ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸುವ ರೂಢಿ ಬಂದಿದೆ. ಬೇರೆ ಬೇರೆ ಪಕ್ಷಗಳತ್ತ ವಾಲಿದ ಪತ್ರಿಕೆಗಳ ವರದಿಗಳನ್ನು ಮುಂದಿಟ್ಟರೆ, ಯಾರು ಏನು ಹೇಳಿದರು, ಯಾರು ಏನು ಬಿಟ್ಟರು ಎಂದು ಯಂತ್ರ ಕ್ಷಣಮಾತ್ರದಲ್ಲಿ ತೋರಿಸುತ್ತದೆ. ಮಕ್ಕಳು ಮೊಬೈಲಿನಲ್ಲಿ ಮಾಡಿ ತೋರಿಸಿದಾಗ ನಾವೂ ಬೆರಗಾದೆವು. ಹಾಗಾದರೆ ನ್ಯಾಯ ತೂಗುವ ಹೊಣೆಯನ್ನೂ ಅದಕ್ಕೇ ಬಿಟ್ಟು ನಾವು ನಿಶ್ಚಿಂತರಾಗಬಹುದೇ?

2022ರ ನವೆಂಬರ್ ತಿಂಗಳನ್ನು ನೆನೆಯೋಣ. ಜತ್ತ ತಾಲೂಕಿನ 40 ಹಳ್ಳಿಗಳು ಕರ್ನಾಟಕ ಸೇರಲು ಠರಾವು ಮಾಡಿದ್ದವೆಂದು ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಹೇಳಿದರು. ಅದು 2012ರ ಮಾತು, ಈಗ ಯಾವ ಹಳ್ಳಿಯೂ ಕೇಳಿಲ್ಲವೆಂದು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಉತ್ತರ ಕೊಟ್ಟರು. ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಶಾಸನಸಭೆಗಳು ಪರಸ್ಪರ ವಿರುದ್ಧವಾದ ಠರಾವುಗಳನ್ನು ಸರ್ವಾನುಮತದಿಂದ ಅಂಗೀಕರಿಸಿದವು.

ಇಲ್ಲಿ ಎಡಪಂಥ ಯಾವುದು, ಬಲಪಂಥ ಯಾವುದು? ಆಗ ಭಾಜಪ ಕರ್ನಾಟಕದಲ್ಲೂ ಅಧಿಕಾರದಲ್ಲಿತ್ತು, ಮಹಾರಾಷ್ಟ್ರದ ಸರ್ಕಾರದಲ್ಲೂ ಪಾಲುದಾರನಾಗಿತ್ತು. ವಿರೋಧ ಪಕ್ಷದವರೂ ಈ ವಿಷಯದಲ್ಲಿ ತಂತಮ್ಮ ಸರ್ಕಾರದ ಬೆನ್ನಿಗೇ ನಿಂತರು. ಪಕ್ಷದ ತಕ್ಕಡಿಯಲ್ಲಿ ತೂಗಿದವನಿಗೆ ಜಗಳವೇ ಕಾಣುತ್ತಿರಲಿಲ್ಲ, ಭೇದವಿದ್ದದ್ದು ಭಾಷೆಯಲ್ಲಿ. ಯಾವ ತಕ್ಕಡಿ ಹಿಡಿಯಬೇಕೆಂಬುದನ್ನು ಯಂತ್ರಕ್ಕೆ ನಾವೇ ಹೇಳಿಕೊಡಬೇಕು. ಅದನ್ನು ಬಲ್ಲವನು ಅರ್ಧ ನ್ಯಾಯವನ್ನು ಆಗಲೇ ಮಾಡಿ ಮುಗಿಸಿರುತ್ತಾನೆ. ಇನ್ನೊಂದು ಮಾತು. ಆ ಹಳ್ಳಿಗಳ ಸಂಕಟದ ಮೂಲ ನೀರು. ಎರಡೂ ಕಡೆಯ ಮಾತು ಗಡಿಯ ಸುತ್ತಲೇ ಸುತ್ತುವಾಗ, ಅವೆರಡನ್ನೇ ಹೋಲಿಸಿ ನೋಡಿದರೆ ಕೊಡ ಹೊತ್ತ ತಾಯಂದಿರು ಎಲ್ಲಿ ಕಂಡಾರು?

ಇನ್ನು, ಎರಡೂ ಪಕ್ಷಕ್ಕೆ ಸಮಪಾಲು ಕೊಟ್ಟರೆ ಅದೇ ಸತ್ಯವೆಂಬ ಭ್ರಮೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ತನ್ನ ಅಭಿಪ್ರಾಯ ಲೇಖನಗಳ ಜೊತೆಗೆ ಯಂತ್ರವೇ ಬರೆದ ಭಿನ್ನಾಭಿಪ್ರಾಯಗಳನ್ನೂ ಕೊಡತೊಡಗಿತು. ಅನಹೈಮ್ ಎಂಬ ಊರಿನ ಜನ ನೂರು ವರ್ಷಗಳ ಹಿಂದೆ ಕು ಕ್ಲಕ್ಸ್ ಕ್ಲಾನ್ ಎಂಬ ವರ್ಣದ್ವೇಷಿ ಸಂಘದವರನ್ನು ನಗರಸಭೆಯಿಂದ ಹೊರಹಾಕಿದ್ದರ ಬಗ್ಗೆ ಒಂದು ಲೇಖನ ಬಂತು. ಅದಕ್ಕೂ ಯಂತ್ರ ಇನ್ನೊಂದು ಪಕ್ಷವನ್ನು ಹುಡುಕಿ ತಂದಿತು: ಆ ಸಂಘವನ್ನು ಸಮಾಜದ ಬದಲಾವಣೆಗೆ ಹುಟ್ಟಿದ ಪ್ರತಿಕ್ರಿಯೆಯೆಂದು ಕಾಣುವವರೂ ಉಂಟಂತೆ! ಜನ ಆಕ್ಷೇಪಿಸಿದರು; ಆ ಲೇಖನದಿಂದ ಯಂತ್ರದ ಟಿಪ್ಪಣಿಯನ್ನು ತೆಗೆಯಬೇಕಾಯಿತು. ದ್ವೇಷಕ್ಕೂ ಒಂದು ಪೀಠ ಹಾಕಿ ಕೂರಿಸುವುದನ್ನು ನಾವು ಸಮದೃಷ್ಟಿ ಎನ್ನಲಾರೆವು.

ಹಾಗೆಂದು ಯಂತ್ರವೇ ಬೇಡವೆನ್ನುವವರು ನಾವಲ್ಲ. ಮರಾಠಿ ಬಾರದ ಬೆಂಗಳೂರಿನ ಬಂಧುವಿಗೆ ಇಲ್ಲಿಯ ಪತ್ರಿಕೆ ಏನು ಹೇಳುತ್ತದೆಂದು ತಿಳಿಯಲು ಅದರಿಂದ ಉಪಕಾರವೇ ಆದೀತು. ಯಾರು ಯಾವ ಮಾತನ್ನು ಬಿಟ್ಟರೆಂದು ಅದು ತೋರಿಸಿಕೊಡಲಿ. ಆಮೇಲೆ ನಾವು ಜತ್ತದ ಬೀಗರಿಗೆ ಫೋನ್ ಮಾಡಿ, ಈ ಬೇಸಿಗೆಯಲ್ಲಿ ನಿಮ್ಮೂರಿಗೆ ನೀರು ಬಂತೇ ಎಂದು ಕೇಳುತ್ತೇವೆ.