ದೇವರ ಪಕ್ಷವಾಗಿ ಕಲ್ಲಿನಿಂದ ಸುಳ್ಳುಸಾಕ್ಷಿ ಹೇಳಿಸಬಹುದೋ?

ಒಳ್ಳೇ ಪಕ್ಷವನ್ನು ಬಲಪಡಿಸುವದಕ್ಕೋಸ್ಕರ ನಿಜವಲ್ಲದ ಸಾಕ್ಷಿಯನ್ನು ತರುವದು ಯುಕ್ತವೋ ಎಂಬ ಪ್ರಶ್ನೆಯು ನ್ಯಾಯಸ್ಥಾನದಲ್ಲಿ ಮಾತ್ರ ಹುಟ್ಟುವದಲ್ಲ. ಪ್ರಸಂಗಪೀಠದ ಬಳಿಯಲ್ಲಿಯೂ ಹುಟ್ಟುತ್ತದೆ. ಬೆಟ್ಟದ ಕಲ್ಲುಗಳಲ್ಲಿ ಸಮುದ್ರದ ಜೀವಿಗಳು ಸಿಕ್ಕುತ್ತವೆ, ಆದಕಾರಣ ನೋಹನ ಕಾಲದ ಜಲಪ್ರಳಯವು ರುಜುವಾಯಿತು ಎಂದು ಉಪದೇಶಿಗಳಾದ ನಮ್ಮವರಲ್ಲಿ ಕೆಲವರು ಹೇಳುವದುಂಟು. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಬಂಡೆಗಳ ನಡುವೆ ವಾಸಿಸುವ ಸಭೆಗಳಿಗೆ ಈ ಮಾತನ್ನು ಹೇಳಬಹುದೋ ಎಂದು ವಿಚಾರಿಸೋಣ.

ಇಂಥ ಜೀವಿಗಳಲ್ಲಿ ಕ್ರಿನಾಯ್ಡ್ ಎಂಬದು ಒಂದು. ನೋಡುವದಕ್ಕೆ ದಂಟಿನ ಮೇಲಣ ನೈದಿಲೆಯಂತಿರುವದರಿಂದ ಅದನ್ನು ಸಮುದ್ರನೈದಿಲೆ ಎನ್ನಬಹುದು. ಆದರೂ ಅದು ಗಿಡವಲ್ಲ, ನಕ್ಷತ್ರಮೀನಿನ ಬಳಗಕ್ಕೆ ಸೇರಿದ ಪ್ರಾಣಿಯೇ. ಅದರ ದಂಟು ಸುಣ್ಣದ ಚಿಕ್ಕ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದಂತಿದ್ದು, ಬಿಲ್ಲೆಯ ನಡುವೆ ರಂಧ್ರವಿರುತ್ತದೆ. ಪ್ರಾಣಿಯು ಸತ್ತ ಮೇಲೆ ಇವು ಕಳಚಿ ಕಡಲಿನ ತಳದಲ್ಲಿ ಚದರುವವು. ಇಂಗ್ಲೆಂಡಿನ ಲಿಂಡಿಸ್ಫಾರ್ನ್ ದ್ವೀಪದಲ್ಲಿ ಜನರು ಇಂಥ ಬಿಲ್ಲೆಗಳನ್ನು ಆರಿಸಿ ಜಪಮಾಲೆಗಳಾಗಿ ಪೋಣಿಸಿದರು. ೬೮೭ರಲ್ಲಿ ತೀರಿಹೋದ ಸಂತ ಕತ್‌ಬರ್ಟನು ಬಂಡೆಯನ್ನೇ ಅಡಿಗಲ್ಲು ಮಾಡಿಕೊಂಡು ಇವುಗಳನ್ನು ಬಡಿದು ಮಾಡಿದನೆಂದು ಹೇಳಿಕೊಂಡರು. ಭಕ್ತಿಯಿಂದ ಹುಟ್ಟಿದ ಕಥೆಯೇ ಸರಿ. ಆದರೆ ಆ ಬಿಲ್ಲೆಗಳು ಸಂತನಿಗಿಂತ ೩೦ ಕೋಟಿ ವರುಷಗಳಿಗೂ ಹಿಂದಿನವು.

ಈ ಪ್ರಾಣಿಗಳ ಅವಶೇಷಗಳು ಎಲ್ಲಾ ಸುಣ್ಣಕಲ್ಲುಗಳಲ್ಲಿಯೂ ಸಮವಾಗಿ ಹರಡಿರುವದಿಲ್ಲ. ಅಮೆರಿಕಾದ ಮಿಸಿಸಿಪ್ಪಿ ನದಿಯ ಸೀಮೆಯಲ್ಲಿರುವ ಬರ್ಲಿಂಗ್ಟನ್ ಸುಣ್ಣಕಲ್ಲು ಬಹುಮಟ್ಟಿಗೆ ಇವುಗಳ ತುಣುಕುಗಳಿಂದಲೇ ಆಗಿದೆ. ನಮ್ಮ ದೇಶದಲ್ಲಿ ಹಿಮಾಲಯದ ಸ್ಪಿತಿ ಕಣಿವೆಯಲ್ಲಿಯೂ ತಮಿಳುನಾಡಿನ ಅರಿಯಲೂರು ತಿರುಚಿರಾಪಳ್ಳಿ ಕಡೆಯಲ್ಲಿಯೂ ಇವು ಸಿಕ್ಕುತ್ತವೆ. ದಂಟುಳ್ಳ ಈ ಪ್ರಾಣಿಗಳು ಕಡಲಿನ ತಳಕ್ಕೆ ಅಂಟಿಕೊಂಡು, ನೀರಿನಲ್ಲಿ ತೇಲಿಬರುವ ಆಹಾರವನ್ನು ತೋಳುಗಳಿಂದ ಸೋಸಿ ತಿಂದು ಬದುಕುತ್ತಿದ್ದವು. ಒಂದು ತಲೆಮಾರಿನ ಬಿಲ್ಲೆಗಳ ಮೇಲೆ ಮತ್ತೊಂದು ತಲೆಮಾರು ಬೆಳೆದು ಸತ್ತು, ಪದರದ ಮೇಲೆ ಪದರವಾಗಿ ಬಂಡೆಯಾಯಿತು; ಕೆಳಗಣ ಪದರಗಳ ಜಾತಿಗಳು ಬೇರೆ, ಮೇಲಣವು ಬೇರೆ. ಒಂದೇ ವರುಷದ ಕೆಸರುನೀರಿನಲ್ಲಿ ಇದೆಲ್ಲಾ ನಡೆಯಿತೆಂದು ಹೇಳುವದು ಕಲ್ಲಿನ ಬಾಯಿಗೆ ನಮ್ಮ ಮಾತನ್ನು ತುರುಕುವದಾಗಿದೆ.

ಇನ್ನು ನಮ್ಮ ಸೀಮೆಯ ಸಂಗತಿ. ೧೮೯೪ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯು ಸ್ಥಾಪಿತವಾಯಿತು. ಮಿಷನೆರಿ ಪರ್ಸಿವಲ್ಲರ ಅಳಿಯನಾದ ರಾಬರ್ಟ್ ಬ್ರೂಸ್ ಫೂಟನೇ ಅದರ ಮೊದಲನೆಯ ಮುಖ್ಯಸ್ಥನು. ಅಂದಿನಿಂದ ಪರಿಶೋಧಿಸಲ್ಪಟ್ಟ ಈ ಬಂಡೆಗಳು ೨೫೦ ಕೋಟಿ ವರುಷಗಳಿಗೂ ಹಿಂದಿನವೆಂದು ಈಗ ತಿಳಿದಿದೆ. ಕ್ರಿನಾಯ್ಡುಗಳಾದರೋ ಲೋಕದಲ್ಲಿ ಕಾಣಿಸಿಕೊಂಡದ್ದು ಸುಮಾರು ೪೮ ಕೋಟಿ ವರುಷಗಳ ಹಿಂದೆ. ಇವುಗಳನ್ನು ಇಲ್ಲಿ ಹುಡುಕುವದು, ತಾತನು ಕಟ್ಟಿಸಿದ ಗೋಡೆಯ ಒಳಗಾರೆಯಲ್ಲಿ ಮೊಮ್ಮಗನ ಕೈಗುರುತನ್ನು ಹುಡುಕಿದ ಹಾಗೆ. ಹಿರಿಯೂರು ತಾಲೂಕಿನ ಮಾರಿಕಣಿವೆಯ ಕಡೆಯಲ್ಲಿ ಸುಣ್ಣಕಲ್ಲು ಇರುವದು ನಿಜ. ಅದರಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರ ಪದರವಾದ ಗುರುತುಗಳೂ ಇವೆ. ಆದರೆ ಅವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಮೆಲ್ಲಮೆಲ್ಲನೆ ಕಟ್ಟಿದವುಗಳೇ ಹೊರತು ಸಮುದ್ರನೈದಿಲೆಗಳಲ್ಲ.

ಇಲ್ಲಿ ಒಂದು ಆಕ್ಷೇಪಣೆಯುಂಟು, ಅದು ಹಗುರವಾದದ್ದಲ್ಲ. ಓದು ಬಾರದ ವೃದ್ಧೆಯೊಬ್ಬಳು ಪ್ರಳಯದ ಗುರುತು ಕಲ್ಲಿನಲ್ಲಿದೆಯೆಂದು ಕೇಳಿ ಧೈರ್ಯ ಹೊಂದಿದರೆ ಅದನ್ನು ಕಿತ್ತುಕೊಳ್ಳುವದು ಪ್ರೀತಿಯೋ? ಬಲಹೀನರಿಗೆ ವಿಘ್ನವಾಗಬಾರದೆಂದು ಪೌಲನು ಬೋಧಿಸಲಿಲ್ಲವೋ? ಬೋಧಿಸಿದ್ದು ಹೌದು. ಆದರೆ ಅಪೊಸ್ತಲನು ಅವರಿಗೋಸ್ಕರ ಬಿಡಬೇಕೆಂದದ್ದು ತನ್ನ ಸ್ವಾತಂತ್ರ್ಯವನ್ನು, ಮಾಂಸಭೋಜನವನ್ನು. ಸತ್ಯವನ್ನು ಬಿಡಬೇಕೆಂದು ಆತನು ಎಲ್ಲಿಯೂ ಹೇಳಲಿಲ್ಲ. ಯೋಬನ ಗೆಳೆಯರು ದೇವರ ನ್ಯಾಯವನ್ನು ಸಮರ್ಥಿಸುವೆವೆಂದು ಅನ್ಯಾಯದ ಮಾತಾಡಿ ಕಡೆಗೆ ದೇವರಿಂದಲೇ ಗದರಿಸಲ್ಪಟ್ಟರು. ಆ ವೃದ್ಧೆಯ ಮೊಮ್ಮಗನಾದರೂ ಶಾಲೆಗೆ ಹೋಗುತ್ತಾನೆ. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಶಾಲಾ ಉಪಾಧ್ಯಾಯರಿಗೆ ವಿಜ್ಞಾನವನ್ನು ಕಲಿಸುತ್ತಾರಲ್ಲಾ! ಕಲ್ಲಿನ ವಿಷಯದಲ್ಲಿ ಉಪದೇಶಿಯು ಹೇಳಿದ್ದು ನಿಜವಲ್ಲವೆಂದು ಆ ಹುಡುಗನು ತಿಳಿದ ದಿನ, ಕ್ರಿಸ್ತನ ಪುನರುತ್ಥಾನದ ವಿಷಯದಲ್ಲಿ ಹೇಳಿದ್ದನ್ನೂ ಅದರೊಂದಿಗೇ ಎಸೆದುಬಿಟ್ಟರೆ ಲೆಕ್ಕ ಒಪ್ಪಿಸಬೇಕಾದವರು ಯಾರು? ಮೊಳಕಾಲ್ಮೂರಿನ ಸೀರೆಯು ಒಳ್ಳೇ ರೇಷ್ಮೆಯದೇ ಆಗಿರಲಿ. ಮಾರುವವನು ಜರಿಯ ವಿಷಯದಲ್ಲಿ ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕೊಳ್ಳುವವಳು ರೇಷ್ಮೆಯನ್ನೂ ನಂಬುವದಿಲ್ಲ.

ನಮ್ಮ ಸೀಮೆಯ ಒಂದು ಬಂಡೆಯಾದರೋ ಸ್ಪಷ್ಟವಾಗಿ ಮಾತಾಡುತ್ತದೆ. ೧೮೯೨ರಲ್ಲಿ ರೈಸ್ ಸಾಹೇಬರು ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಕಂಡುಹಿಡಿದ ಶಾಸನದಲ್ಲಿ ಅಶೋಕ ರಾಜನು ತಂದೆತಾಯಿಗಳಿಗೆ ವಿಧೇಯತೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳನ್ನು ಪ್ರಜೆಗಳಿಗೆ ವಿಧಿಸಿದ್ದಾನೆ. ನಮ್ಮ ಕರ್ತನ ನಾಮವನ್ನು ಅರಿಯದ ಅರಸನು ಸತ್ಯವನ್ನು ಕಲ್ಲಿನಲ್ಲಿ ಕೆತ್ತಿಸಿರುವಾಗ, ಅದೇ ತಾಲೂಕಿನ ಕಲ್ಲುಗಳನ್ನು ತೋರಿಸಿ ನಾವು ಇಲ್ಲದ್ದನ್ನು ಹೇಳುವದು ನಾಚಿಕೆಯೇ ಸರಿ.

ಯುವಕರು ಕೇಳಿದರೆ ಹೇಳತಕ್ಕದ್ದು ಇಷ್ಟೇ: ನೋಹನ ಚರಿತ್ರೆಯು ಪಾಪವನ್ನೂ ದೇವರ ಕೃಪೆಯನ್ನೂ ಕುರಿತು ಮಾತಾಡುತ್ತದೆ, ಈ ಕಲ್ಲುಗಳು ಅದಕ್ಕೆ ಸಾಕ್ಷಿಗಳಲ್ಲ. ಹೀಗೆ ಹೇಳಿದರೆ ಸಭೆಯು ಕದಲುವದೆಂದು ಅಂಜುವವರು ಆಡಮ್ ಸೆಜ್ವಿಕನ ಸಂಗತಿಯನ್ನು ಕೇಳಲಿ. ಆತನು ಪಾದ್ರಿಯೂ ಕೇಂಬ್ರಿಡ್ಜಿನಲ್ಲಿ ಭೂವಿಜ್ಞಾನದ ಉಪಾಧ್ಯಾಯನೂ ಆಗಿದ್ದು, ನಾನಾ ದೇಶಗಳ ಜಲ್ಲಿರಾಶಿಗಳು ಒಂದೇ ಮಹಾಪ್ರಳಯದಿಂದ ಉಂಟಾದವೆಂದು ಬೋಧಿಸಿದ್ದನು. ೧೮೩೧ರಲ್ಲಿ ಲಂಡನಿನ ಭೂವಿಜ್ಞಾನ ಸಂಘದ ಅಧ್ಯಕ್ಷಪೀಠದಿಂದಲೇ ಆ ಬೋಧನೆಯನ್ನು ಎಲ್ಲರ ಮುಂದೆ ಹಿಂತೆಗೆದುಕೊಂಡನು. ಮೂರು ವರುಷಗಳಾದ ಮೇಲೆ ನಾರ್ವಿಚಿನ ಮಹಾದೇವಾಲಯದಲ್ಲಿ ಆತನಿಗೆ ಸಭಾಸೇವೆಯ ಉದ್ಯೋಗವು ಕೊಡಲ್ಪಟ್ಟಿತು. ಅದನ್ನೂ ಕೇಂಬ್ರಿಡ್ಜಿನ ಪೀಠವನ್ನೂ ೧೮೭೩ರಲ್ಲಿ ಸಾಯುವ ತನಕ ವಹಿಸಿಕೊಂಡಿದ್ದನು.