ಕೇಳಿಸಿಕೊಳ್ಳದವರಿಗೆ ಕೊಟ್ಟ ಮಾತು

ನವೆಂಬರ್ ತಿಂಗಳ ಕೊನೆಯ ವಾರ. ಅಮೆರಿಕದ ಬಹುತೇಕ ಸಾರ್ವಜನಿಕ ಆರೋಗ್ಯ ವಿಭಾಗಗಳಲ್ಲಿ ಪಿಎಚ್.ಡಿ. ಅರ್ಜಿಗೆ ಡಿಸೆಂಬರ್ ತಿಂಗಳೇ ಗಡುವು. ಅಂಕಪಟ್ಟಿ ಹೋಗಿತ್ತು, ಶಿಫಾರಸು ಪತ್ರಗಳು ಹೋಗಿದ್ದವು, ಇಂಗ್ಲಿಷ್ ಪರೀಕ್ಷೆಯ ಅಂಕವೂ ಹೋಗಿತ್ತು. ಉಳಿದದ್ದು 'ಸ್ಟೇಟ್‌ಮೆಂಟ್ ಆಫ್ ಪರ್ಪಸ್' ಎಂಬ ಎರಡು ಪುಟ ಮಾತ್ರ. ನೀವು ಯಾಕೆ ಈ ವಿಷಯ ಓದಬೇಕು, ಓದಿ ಏನು ಮಾಡುತ್ತೀರಿ ಎಂದು ಅದರಲ್ಲಿ ಬರೆಯಬೇಕು. ಮೊದಲೇ ಸೀಟು ಪಡೆದಿದ್ದ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ದರು: "ಒಬ್ಬ ವ್ಯಕ್ತಿಯಿಂದ ಶುರು ಮಾಡು. ಅಂಕಿ ಅಂಶದಿಂದ ಶುರು ಮಾಡಿದರೆ ಯಾರೂ ಮುಂದೆ ಓದಲ್ಲ."

ನನ್ನ ಬಳಿ ಒಬ್ಬ ವ್ಯಕ್ತಿ ಇದ್ದಳು. ಎಂಪಿಎಚ್ ಮುಗಿಸಿದ ಮೇಲೆ ನಾನು ಸಾಗರದ ಕಡೆ ಮಂಗನ ಕಾಯಿಲೆಯ ಒಂದು ಸಮೀಕ್ಷೆಯಲ್ಲಿ ಕೆಲಸ ಮಾಡಿದ್ದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಕಾಯಿಲೆ ಇದು. ವೈರಸ್ಸು ಹರಡುವುದು ಉಣುಗಿನಿಂದ. ಚಳಿಗಾಲದಿಂದ ಬೇಸಗೆಯವರೆಗೆ ಇದರ ಕಾಲ. ದರಕು ಗುಡಿಸಲು, ಸೌದೆಗೆ, ಸೊಪ್ಪಿಗೆ ಎಂದು ಜನ ಕಾಡಿಗೆ ಹೋಗುವ ಕಾಲವೂ ಅದೇ. ಮೈಗೆ ಹಚ್ಚಿಕೊಳ್ಳಲು ಸರ್ಕಾರ ಉಣುಗು ಹತ್ತದಂತೆ ತಡೆಯುವ ತೈಲ ಕೊಡುತ್ತದೆ. ಅದನ್ನು ಜನ ಯಾಕೆ ಹಚ್ಚಿಕೊಳ್ಳುವುದಿಲ್ಲ ಎಂಬುದು ನಮ್ಮ ಸಮೀಕ್ಷೆಯ ಪ್ರಶ್ನೆ. ಊರಿನ ಆಶಾ ಕಾರ್ಯಕರ್ತೆ ನನ್ನನ್ನು ಒಂದು ಮನೆಗೆ ಕರೆದುಕೊಂಡು ಹೋದರು. ಹಿಂದಿನ ವರ್ಷ ಆ ಮನೆಯ ಯಜಮಾನ ಇದೇ ಜ್ವರದಲ್ಲಿ ತೀರಿಕೊಂಡಿದ್ದ. ಆತನ ಹೆಂಡತಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಳು. ತೈಲದ ಬಗ್ಗೆ ಕೇಳಿದಾಗ ಮೆಟ್ಟುಗತ್ತಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಬೆವರು ಬಂದ್ರೆ ಎಣ್ಣೆ ಹೋಗ್ತದೆ, ಉಣುಗು ಹೋಗದಿಲ್ಲ." ಆಮೇಲೆ, "ಇದಕ್ಕೆ ಏನಾರೂ ಪರಿಹಾರ ಬರ್ತದಾ ಮೇಡಂ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ.

ಆ ರಾತ್ರಿ ಬರೆದ ಎರಡು ಪುಟ ಈ ಹೆಂಗಸಿನಿಂದಲೇ ಶುರುವಾಯಿತು. ಆದರೆ ನನ್ನ ಪತ್ರದಲ್ಲಿ ಆಕೆ ಅಡಿಕೆ ಸುಲಿಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದಳು, ಕಣ್ಣು ತುಂಬಿತ್ತು. ಪರಿಹಾರದ ಪ್ರಶ್ನೆ ಬಿಟ್ಟುಹೋಗಿತ್ತು. ಕೊನೆಯ ಸಾಲಿನಲ್ಲಿ, ಅವಳಂಥವರಿಗಾಗಿ ನನ್ನ ಜೀವನ ಮುಡಿಪು ಎಂಬರ್ಥದ ಒಂದು ವಾಕ್ಯವಿತ್ತು. ಓದಿದವರೆಲ್ಲ ಚೆನ್ನಾಗಿದೆ ಎಂದರು. ಚೆನ್ನಾಗಿಯೇ ಇತ್ತು.

ಸಾರ್ವಜನಿಕ ಆರೋಗ್ಯ ಎಂಬ ಶಾಸ್ತ್ರಕ್ಕೂ ಈ ಪತ್ರಕ್ಕೂ ಒಂದು ವಿಚಿತ್ರ ವಿರೋಧವಿದೆ. ಬ್ರಿಟನ್ನಿನ ಜೆಫ್ರಿ ರೋಸ್ 1985ರ ಒಂದು ಪ್ರಸಿದ್ಧ ಲೇಖನದಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ತೋರಿಸಿದರು. ಈ ಮನುಷ್ಯನಿಗೆ ಈ ಕಾಯಿಲೆ ಈಗ ಯಾಕೆ ಬಂತು ಎಂಬುದು ಒಂದು. ಈ ಜನಸಮೂಹದಲ್ಲಿ ಈ ಕಾಯಿಲೆ ಇಷ್ಟು ಯಾಕಿದೆ ಎಂಬುದು ಇನ್ನೊಂದು. ವೈದ್ಯರಿಗೆ ಮೊದಲನೆಯದು ಮುಖ್ಯ, ನಮ್ಮ ಶಾಸ್ತ್ರಕ್ಕೆ ಎರಡನೆಯದು. ನಮ್ಮ ಕೆಲಸ ಗೆದ್ದರೆ ಯಾರೂ ಬಂದು ಕೈಮುಗಿಯುವುದಿಲ್ಲ. ಬಾರದೇ ಹೋದ ಜ್ವರ ಯಾರ ಮನೆಗೆ ಬರಬೇಕಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಂದರೆ ಇದು ಮುಖವಿಲ್ಲದವರ ಶಾಸ್ತ್ರ. ಆದರೆ ಅದರೊಳಗೆ ಹೋಗುವ ಬಾಗಿಲಲ್ಲಿ ಮಾತ್ರ ಒಂದು ಮುಖ ತೋರಿಸಿ ಎನ್ನುತ್ತಾರೆ.

ಯಾಕೆ ಎನ್ನುತ್ತಾರೆ ಎಂಬುದಕ್ಕೆ ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞ 1968ರಲ್ಲೇ ಉತ್ತರ ಕೊಟ್ಟಿದ್ದ. ಆರು ವರ್ಷದ ಹುಡುಗಿಯೊಬ್ಬಳ ಆಯಸ್ಸನ್ನು ಕ್ರಿಸ್ಮಸ್ಸಿನವರೆಗೆ ಬೆಳೆಸಲು ಹಣ ಬೇಕು ಎಂದರೆ ಅಂಚೆ ಕಚೇರಿ ತುಂಬುವಷ್ಟು ಚಿಲ್ಲರೆ ಬಂದು ಬೀಳುತ್ತದೆ. ತೆರಿಗೆ ಇಲ್ಲದೆ ಆಸ್ಪತ್ರೆಗಳು ಹದಗೆಟ್ಟು ಸಾವು ಸ್ವಲ್ಪ ಹೆಚ್ಚುತ್ತದೆ ಎಂದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಗುರುತಿರುವ ಜೀವಕ್ಕೆ ಒಂದು ಬೆಲೆ, ಲೆಕ್ಕದಲ್ಲಿರುವ ಜೀವಕ್ಕೆ ಇನ್ನೊಂದು. ನಾನು ಆ ಹೆಂಗಸಿನ ಮುಖವನ್ನು ಬಳಸಿದ್ದು ಈ ನಿಯಮ ಗೊತ್ತಿದ್ದೇ. ಕಣ್ಣೀರು ಸೇರಿಸಿದ್ದೂ ಅದಕ್ಕೇ.

ಫೆಬ್ರವರಿಯಿಂದ ಉತ್ತರಗಳು ಬರತೊಡಗಿದವು. ಮಾರ್ಚ್ ಮಧ್ಯದ ಹೊತ್ತಿಗೆ ನನ್ನ ಕೈಯಲ್ಲಿ ಮೂರು ಇದ್ದವು. ಮೊದಲನೆಯದು ಅಮೆರಿಕದ್ದು: ಐದು ವರ್ಷ ಶುಲ್ಕವಿಲ್ಲ, ತಿಂಗಳ ವೇತನ, ಆರೋಗ್ಯ ವಿಮೆ. ಆದರೆ ಅಲ್ಲಿನ ಪ್ರಾಧ್ಯಾಪಕರ ಕೆಲಸ ಅಮೆರಿಕದ ಸಣ್ಣ ಸಣ್ಣ ಕೌಂಟಿಗಳಲ್ಲಿ ಹೃದ್ರೋಗದ ಲೆಕ್ಕ ಹಿಡಿಯುವುದು. ಎರಡನೆಯದು ಬ್ರಿಟನ್ನಿನದು: ಮೂರು ವರ್ಷ, ಉಣುಗಿನಿಂದ ಬರುವ ಕಾಯಿಲೆಗಳ ಮೇಲೇ ಕೆಲಸ. ಆದರೆ ಅವರು ಕೊಡುವುದು ಅಲ್ಲಿನ ವಿದ್ಯಾರ್ಥಿ ಕಟ್ಟುವಷ್ಟು ಶುಲ್ಕ ಮಾತ್ರ. ಹೊರದೇಶದವರ ಶುಲ್ಕಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನೂ ಊಟ ಬಾಡಿಗೆಯನ್ನೂ ನಾನೇ ಹುಡುಕಿಕೊಳ್ಳಬೇಕು. ಮೂರನೆಯದು ನಮ್ಮ ದೇಶದ್ದೇ: ಮಂಗನ ಕಾಯಿಲೆಯ ಮೇಲೇ ಸಂಶೋಧನೆ, ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಆದರೆ ಮಾರ್ಗದರ್ಶಕರು ಎರಡು ವರ್ಷದಲ್ಲಿ ನಿವೃತ್ತರಾಗುವವರು.

ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ನಿಂಗೆ ಯಾವುದು ಸರಿ ಅನ್ಸುತ್ತೋ ಅದು ಮಾಡು. ಸಾಲ ಮಾಡೋದಾದ್ರೆ ಮಾತ್ರ ಮೊದ್ಲೇ ಹೇಳು. ತೋಟದ ಕಾಗದ ಸೊಸೈಟಿಲಿದೆ" ಎಂದ. ಬ್ರಿಟನ್ ಅಲ್ಲಿಗೆ ಮುಗಿಯಿತು ಎಂದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಹೇಳಲಿಲ್ಲ.

ಉಳಿದ ಎರಡನ್ನು ತೂಗುತ್ತ ವಾರಗಟ್ಟಲೆ ಕೂತೆ. ಕಠೋಪನಿಷತ್ತಿನ ಯಮ ನಚಿಕೇತನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎನ್ನುತ್ತಾನೆ. ಯಾವುದು ಯಾವುದೆಂದು ಗೊತ್ತಾದ ಮೇಲೆ ಆರಿಸುವುದು ಧೈರ್ಯದ ಪ್ರಶ್ನೆ ಅಷ್ಟೆ. ನನ್ನ ತೊಂದರೆ ಬೇರೆ ಇತ್ತು. ಎರಡರಲ್ಲೂ ಎರಡೂ ಕಲಸಿಹೋಗಿದ್ದವು. ರುತ್ ಚಾಂಗ್ ಎಂಬ ದಾರ್ಶನಿಕೆ ಇಂಥ ಆಯ್ಕೆಗಳ ಬಗ್ಗೆ ಬಹಳ ಬರೆದಿದ್ದಾರೆ. ಅವರ ಬರಹಗಳಲ್ಲಿ ಬರುವ ಒಂದು ಪರೀಕ್ಷೆ ಸರಳ: ಎರಡು ಆಯ್ಕೆಗಳು ನಿಜಕ್ಕೂ ಸಮವಾಗಿದ್ದರೆ ಒಂದಕ್ಕೆ ಚೂರು ಏನಾದರೂ ಸೇರಿಸಿದರೂ ತಕ್ಕಡಿ ವಾಲಬೇಕು. ಫೆಲೋಶಿಪ್ಪಿಗೆ ಒಂದು ಸಾವಿರ ಸೇರಿಸಿ ನೋಡಿದೆ, ವಾಲಲಿಲ್ಲ. ಅಂದರೆ ಅವು ಸಮವಲ್ಲ, ಒಂದು ಇನ್ನೊಂದಕ್ಕಿಂತ ಮೇಲೂ ಅಲ್ಲ. ಇಂಥಲ್ಲಿ ಕಾರಣಗಳು ನಮ್ಮನ್ನು ಅರ್ಧ ದಾರಿಯವರೆಗೆ ಮಾತ್ರ ತಂದು ಬಿಡುತ್ತವೆ, ಮುಂದಿನದು ನಾವು ಯಾರಾಗಲು ಒಪ್ಪುತ್ತೇವೆ ಎಂಬುದು ಎನ್ನುತ್ತಾರೆ ಚಾಂಗ್.

ನನಗೆ ಅಡ್ಡ ಬಂದದ್ದು ಅದೇ. ನಾನು ಯಾರಾಗುತ್ತೇನೆ ಎಂದು ಆಗಲೇ ಬರೆದು ಕೊಟ್ಟಿದ್ದೆನಲ್ಲ. ಆ ಹೆಂಗಸಿನ ಹೆಸರಲ್ಲಿ ಬಾಗಿಲು ತೆಗೆಸಿಕೊಂಡು ಒಳಗೆ ಹೋಗಿ ಅಮೆರಿಕನ್ನರ ಹೃದಯದ ಲೆಕ್ಕ ಬರೆಯುತ್ತ ಕೂತರೆ ಅದು ಮಾತಿಗೆ ತಪ್ಪಿದಂತೆಯೋ ಅಲ್ಲವೋ?

ವಿಶ್ವವಿದ್ಯಾಲಯದ ಕಡೆಯಿಂದ ನೋಡಿದರೆ ಅಲ್ಲ. ಆ ಪತ್ರವನ್ನು ಯಾರೂ ಕರಾರು ಎಂದು ಓದುವುದಿಲ್ಲ. ಅರ್ಧಕ್ಕರ್ಧ ವಿದ್ಯಾರ್ಥಿಗಳು ಎರಡನೇ ವರ್ಷದಲ್ಲಿ ವಿಷಯ ಬದಲಿಸುತ್ತಾರೆ ಎಂದು ಪ್ರಾಧ್ಯಾಪಕರೇ ನಗುತ್ತ ಹೇಳಿದರು. ಹೆಂಗಸಿನ ಕಡೆಯಿಂದ ನೋಡಿದರೂ ಅಲ್ಲ. ಮಾತು ಕೊಡುವುದೆಂದರೆ ಒಬ್ಬರು ಕೊಡಬೇಕು, ಇನ್ನೊಬ್ಬರು ಕೇಳಿಸಿಕೊಂಡು ಒಪ್ಪಬೇಕು. ಆಕೆಗೆ ನನ್ನ ಪತ್ರದ ಸುದ್ದಿಯೇ ಗೊತ್ತಿಲ್ಲ. ಆಕೆ ಕಾಯುತ್ತಿಲ್ಲ. ಕಾಯದವರಿಗೆ ತಪ್ಪಿಸುವುದಾದರೂ ಏನನ್ನು?

ಮಾತಿನ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ ನಮ್ಮಲ್ಲಿ ಮಾತಿಗಿಂತ ಹಳೆಯ ಇನ್ನೊಂದು ಲೆಕ್ಕವಿದೆ, ಋಣ. ಋಣಕ್ಕೆ ಒಪ್ಪಿಗೆ ಬೇಕಿಲ್ಲ. ವೈದಿಕ ಗ್ರಂಥಗಳು ಹುಟ್ಟಿನಿಂದಲೇ ಬರುವ ಮೂರು ಋಣಗಳನ್ನು ಹೇಳುತ್ತವೆ: ದೇವತೆಗಳದ್ದು, ಋಷಿಗಳದ್ದು, ಪಿತೃಗಳದ್ದು. ಶತಪಥ ಬ್ರಾಹ್ಮಣ ನಾಲ್ಕನೆಯದೊಂದನ್ನು ಸೇರಿಸುತ್ತದೆ, ಮನುಷ್ಯ ಋಣ. ಅದು ತೀರುವುದು ಬಂದವರಿಗೆ ನೆಲೆ ಕೊಟ್ಟು, ಊಟ ಕೊಟ್ಟು. ನಮ್ಮ ಸಮೀಕ್ಷೆಯ ಉದ್ದಕ್ಕೂ ನಡೆದದ್ದು ಇದರ ತಿರುವುಮುರುವು. ನಾವು ಪ್ರಶ್ನೆಪಟ್ಟಿ ಹಿಡಿದು ಹೋದೆವು, ಅವರು ಚಾಪೆ ಹಾಸಿ ಕಾಫಿ ಕೊಟ್ಟು ಉತ್ತರವನ್ನೂ ಕೊಟ್ಟರು.

ಆದರೆ ಋಣ ಎಂಬ ಮಾತಿನಲ್ಲೂ ಒಂದು ಮೋಸವಿದೆ ಎಂದು ನಿಧಾನವಾಗಿ ಕಂಡಿತು. ಋಣ ದೊಡ್ಡದಾದಷ್ಟೂ ತೀರಿಸುವುದು ಸುಲಭವಾಗುತ್ತದೆ! ಜೀವನ ಮುಡಿಪು ಎಂದು ಬರೆದ ದಿನ ನನಗೆ ಹಗುರವೆನಿಸಿತ್ತು. ಜೀವನ ಬಹಳ ಉದ್ದ, ಅದರ ಲೆಕ್ಕ ಇವತ್ತೇ ಯಾರೂ ಕೇಳುವುದಿಲ್ಲ. ಸಣ್ಣ ಸಾಲಕ್ಕೆ ಮಾತ್ರ ತಾರೀಖು ಇರುತ್ತದೆ.

ಸಲಹೆ ಕೇಳುವುದೆಂದು ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಸಾರ್ತ್ರ್ 1945ರ ಉಪನ್ಯಾಸದಲ್ಲಿ ಹೇಳಿದ ಒಂದು ಮಾತು ಆಗ ನೆನಪಿತ್ತು. ತಾಯಿಯ ಜೊತೆ ಉಳಿಯಲೋ ಯುದ್ಧಕ್ಕೆ ಹೋಗಲೋ ಎಂದು ಕೇಳಲು ಬಂದ ಶಿಷ್ಯನ ಕತೆ ಹೇಳುತ್ತ, ಯಾರ ಸಲಹೆ ಕೇಳುತ್ತೇವೆ ಎಂದು ಆರಿಸುವಾಗಲೇ ಎಂಥ ಸಲಹೆ ಬೇಕೆಂದು ನಾವು ಆರಿಸಿಯಾಗಿರುತ್ತದೆ ಎನ್ನುತ್ತಾನೆ. ನಿಜ ಹೇಳಬೇಕೆಂದರೆ "ಇಲ್ಲೇ ಇರಿ ಮೇಡಂ, ನೀವು ಬೇಕು" ಎಂದು ಆಕೆ ಹೇಳಲಿ ಎಂಬ ಆಸೆ ನನಗಿತ್ತು. ಇಲ್ಲವೇ, "ಹೋಗಿ ಬನ್ನಿ" ಎಂಬ ಅಪ್ಪಣೆ.

ಆಕೆ ಎರಡನ್ನೂ ಹೇಳಲಿಲ್ಲ. "ಓದು ನಿಮ್ದು, ನೀವೇ ನೋಡ್ಕಳಿ" ಎಂದರು. "ಒಂದು ವಿಷ್ಯ ಕೇಳಣ ಅಂತಿದ್ದೆ. ಅವತ್ತು ಮನೆಮನೆಗೆ ಹೋಗಿ ಬರ್ಕಂಡ್ರಲ್ಲ, ಅದ್ರಲ್ಲಿ ಏನು ಬಂತು? ಊರೋರು ಈಗ್ಲೂ ನನ್ನ ಕೇಳ್ತಾರೆ."

ನಮ್ಮ ವರದಿ ಇಂಗ್ಲಿಷಿನಲ್ಲಿತ್ತು, ಹಣ ಕೊಟ್ಟವರಿಗೆ ಹೋಗಿತ್ತು. ಊರಿಗೆ ಒಂದು ಹಾಳೆಯೂ ಹೋಗಿರಲಿಲ್ಲ. ಅದು ಯಾರ ದುರುದ್ದೇಶವೂ ಅಲ್ಲ, ಯಾರ ಕೆಲಸದ ಪಟ್ಟಿಯಲ್ಲೂ ಅದು ಇರಲಿಲ್ಲ ಅಷ್ಟೆ. ಯೋಜನೆಯ ಮುಖ್ಯಸ್ಥರನ್ನು ಅನುಮತಿ ಕೇಳಿದೆ. "ಕೇಳಿದ್ದರೆ ಎಂದೋ ಕೊಡುತ್ತಿದ್ದೆ" ಎಂದರು. ಮೂರು ದಿನ ಕೂತು ಕನ್ನಡದಲ್ಲಿ ಎರಡು ಪುಟ ಬರೆದೆ. ಉದ್ದೇಶ ಪತ್ರವೂ ಎರಡೇ ಪುಟ. ಆದರೆ ಇದು ಅದಕ್ಕಿಂತ ಕಷ್ಟವಾಯಿತು. ಓದುವವರಿಗೆ ಎಲ್ಲ ಗೊತ್ತಿತ್ತು, ಕಣ್ಣೀರು ಸೇರಿಸುವಂತಿರಲಿಲ್ಲ. ತೈಲವನ್ನು ಯಾರು ಯಾಕೆ ಬಿಡುತ್ತಾರೆ, ಯಾವ ಹೊತ್ತಿಗೆ ಕಾಡಿಗೆ ಹೋಗುತ್ತಾರೆ, ಬೆವರಿದ ಮೇಲೆ ಮತ್ತೆ ಹಚ್ಚಿಕೊಳ್ಳುವುದು ಯಾಕೆ ಆಗುವುದಿಲ್ಲ ಎಂದು ಬರೆದೆ. ಪರಿಹಾರಕ್ಕೆ ಯಾರನ್ನು ಕೇಳಬೇಕು ಎಂಬುದನ್ನು ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ ವಿಚಾರಿಸಿ ಕೊನೆಗೆ ಸೇರಿಸಿದೆ. ಎರಡು ವರ್ಷ ತಡವಾಗಿತ್ತು.

ಈ ನಡುವೆ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಹಣಸಹಾಯದ ಸೀಟುಗಳಿಗೆ ಉತ್ತರ ಕೊಡಲು ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಸಮಯ ಕೊಡುವ ಒಪ್ಪಂದವಿದೆ. ವಿದ್ಯಾರ್ಥಿಯನ್ನು ಅವಸರಪಡಿಸಬಾರದೆಂಬ ಒಳ್ಳೆಯ ಉದ್ದೇಶದ್ದು. ನಾನು ಆ ಸಮಯವನ್ನು ಪೂರ್ತಿ ನನ್ನದೇ ಎಂದುಕೊಂಡಿದ್ದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ ಮೂರು ಸೀಟಿನ ಮೇಲೆ ಟವೆಲ್ ಹಾಕಿ ಕೂತಿದ್ದೆ. ಬ್ರಿಟನ್ನಿಗೆ ಹೋಗುವುದಿಲ್ಲ ಎಂದು ಅಪ್ಪನ ಫೋನ್ ಇಟ್ಟ ದಿನವೇ ಗೊತ್ತಿತ್ತು. ಆದರೂ ಅವರಿಗೆ ಬರೆದಿರಲಿಲ್ಲ. ಮೂರು ಇವೆ ಎಂದು ಹೇಳಿಕೊಳ್ಳುವುದು ಹಿತವಾಗಿತ್ತು. ಅಲ್ಲಿ ಕಾಯುವ ಪಟ್ಟಿಯಲ್ಲಿ ಯಾರೋ ಇರಬಹುದು. ಆ ಯಾರೋ ಕೂಡ ಒಬ್ಬ ಹೆಂಗಸಿನಿಂದ ಶುರುವಾಗುವ ಪತ್ರ ಬರೆದಿರಬಹುದು. ಮುಖವಿಲ್ಲದವರ ಶಾಸ್ತ್ರ ಓದಲು ಹೊರಟವಳಿಗೆ ಎದುರಾದ ಮೊದಲ ಮುಖವಿಲ್ಲದ ವ್ಯಕ್ತಿ ಅವರೇ. ಅವರಿಗೆ ನಾನು ಏನೂ ಮಾತು ಕೊಟ್ಟಿರಲಿಲ್ಲ. ಆದರೂ ಆ ಸಂಜೆಯೇ ಒಂದು ಇಮೇಲ್ ಬರೆಯಬಹುದಿತ್ತು. ಮೂರು ವಾರ ತಡವಾಗಿ ಬರೆದೆ.

ಕೊನೆಗೆ ನಾನು ಅಮೆರಿಕದ್ದನ್ನು ಒಪ್ಪಿದೆ. ಕಾರಣಗಳನ್ನು ಇದ್ದ ಹಾಗೆ ಹೇಳುತ್ತೇನೆ. ಹಣದ ಚಿಂತೆ ಇಲ್ಲದ ಐದು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಅಲ್ಲಿ ಓದುತ್ತಿರುವ ನಾಲ್ವರ ಜೊತೆ ಮಾತಾಡಿದೆ. ಎಷ್ಟು ವರ್ಷ ಹಿಡಿಯುತ್ತದೆ, ಅರ್ಧಕ್ಕೆ ಬಿಟ್ಟವರು ಯಾಕೆ ಬಿಟ್ಟರು ಎಂದು ಕೇಳಿದಾಗ ಅವರ ಉತ್ತರಗಳು ಒಂದಕ್ಕೊಂದು ಹೊಂದುತ್ತಿದ್ದವು. ಕಡಿಮೆ ಜನ ಇರುವ ಜಾಗದಲ್ಲಿ ಕಾಯಿಲೆಯ ಲೆಕ್ಕ ಹಿಡಿಯುವ ವಿದ್ಯೆ ಅಲ್ಲಿ ಚೆನ್ನಾಗಿದೆ. ನಮ್ಮ ಕಾಡಂಚಿನ ಊರುಗಳೂ ಕಡಿಮೆ ಜನ ಇರುವ ಜಾಗಗಳೇ. ಈ ಕೊನೆಯ ಕಾರಣ ನಿಜವೂ ಹೌದು, ಸಮಾಧಾನಕ್ಕೆ ಹುಡುಕಿಕೊಂಡದ್ದೂ ಹೌದು. ಎರಡನ್ನೂ ಬೇರೆ ಮಾಡಲು ನನ್ನಿಂದ ಆಗಿಲ್ಲ. ಇಲ್ಲೇ ಉಳಿದವರ ಆಯ್ಕೆ ನನ್ನದಕ್ಕಿಂತ ಕಡಿಮೆಯದು ಎಂದು ಮಾತ್ರ ನಾನು ಹೇಳಲಾರೆ.

ಈ ವರ್ಷ ಅರ್ಜಿ ಹಾಕುತ್ತಿರುವ ಕಿರಿಯರು ಕೆಲವರು ಪತ್ರ ತಿದ್ದಿಕೊಡಿ ಎಂದು ಕಳಿಸುತ್ತಾರೆ. ಹೆಚ್ಚಿನವು ಒಬ್ಬ ವ್ಯಕ್ತಿಯಿಂದಲೇ ಶುರುವಾಗುತ್ತವೆ. ತೆಗೆದುಬಿಡಿ ಎಂದು ನಾನು ಹೇಳುವುದಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ಇಷ್ಟು ಕೇಳುತ್ತೇನೆ: ಆ ವ್ಯಕ್ತಿ ಆಗ ಏನು ಮಾಡುತ್ತಿದ್ದರು? ನಿಮ್ಮನ್ನು ಏನು ಕೇಳಿದರು? ಅದಕ್ಕೆ ಉತ್ತರ ಕೊಟ್ಟಿರಾ?

ನನ್ನ ಕನ್ನಡದ ಎರಡು ಪುಟವನ್ನು ಆಶಾ ಕಾರ್ಯಕರ್ತೆಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಬಂತು: "ಓದಿದೆ ಮೇಡಂ. ಗ್ರಾಮಸಭೆಯಲ್ಲಿ ಓದ್ತೀವಿ. ಎರಡನೇ ಪುಟದಲ್ಲಿ ನಮ್ಮೂರ ಹೆಸರು ತಪ್ಪು ಬರ್ದಿದೀರಿ, ಸರಿ ಮಾಡಿ ಕಳ್ಸಿ."

ಸರಿ ಮಾಡಿ ಕಳಿಸಿದೆ.